ಬಣ್ಣದ ಬೆನ್ನು ಹತ್ತಿ

ಪ್ರಾಣಿಗಳನ್ನು ಹಿಡಿದು ಕೂಡಿಡುವ ಪೋಕೆಮಾನ್ ವಿಡಿಯೋ ಆಟದಲ್ಲಿ ನಾವು ಹುಡುಕುವ ‘ಶೈನಿ’ಗೆ ಬಣ್ಣವಷ್ಟೇ ಬೇರೆ, ಬಣ್ಣದಿಂದ ಬಲವೇನೂ ಹೆಚ್ಚುವುದಿಲ್ಲ. 1999ರಲ್ಲಿ ಜಪಾನಿನಲ್ಲಿ ಬಂದ ಗೋಲ್ಡ್, ಸಿಲ್ವರ್ ಆಟಗಳಲ್ಲಿ ಅದು ಎದುರಾಗುವ ಸಾಧ್ಯತೆ 8,192ರಲ್ಲಿ ಒಂದು. 2013ರ ಎಕ್ಸ್, ವೈ ಆಟಗಳಿಂದೀಚೆಗೆ 4,096ರಲ್ಲಿ ಒಂದು.

‘ಸಾವಿರ ಸಲ ಹುಡುಕಿದೆವಲ್ಲ, ಇನ್ನಾದರೂ ಸಿಗಬೇಡವೇ?’ ಎಂದು ಮನೆಯ ಮಕ್ಕಳು ಕೇಳುತ್ತಾರೆ. ಆಟದ ಹುಲ್ಲಿನಲ್ಲಿ ಸುಮ್ಮನೆ ಅಲೆಯುವವರಿಗೆ ಸಾವಿರದ ಒಂದನೆಯ ಸಲವೂ ಸಾಧ್ಯತೆ ಮೊದಲಿನಷ್ಟೇ. ಇದನ್ನು ಹೇಳುವುದು ಕಷ್ಟ. ದುಡಿದರೆ ಫಲವುಂಟು ಎಂದು ಕಲಿಸಿದವರೂ ನಾವೇ ಅಲ್ಲವೇ?

ಅದೇ ಗೋಲ್ಡ್, ಸಿಲ್ವರ್ ಆಟಗಳ ಸರೋವರವೊಂದರಲ್ಲಿ ಕೆಂಪು ಗ್ಯಾರಡೋಸ್ ಎಲ್ಲರಿಗೂ ಎದುರಾಗುತ್ತದೆ. ಅದೂ ಶೈನಿಯೇ. ಆದರೆ ಅದನ್ನು ಹಿಡಿದು ನಮ್ಮ ಮಕ್ಕಳು ಕುಣಿದದ್ದಿಲ್ಲ. ನಾವು ಬೆಲೆ ಕಟ್ಟುವುದು ಕಾದ ಹೊತ್ತಿಗೆ. ಹಾಗಾಗಿ ಏನೂ ಸಿಗದ ಸಂಜೆಗಳನ್ನೂ ನಷ್ಟದ ಲೆಕ್ಕಕ್ಕೆ ಬರೆಯಬೇಕಿಲ್ಲ.