ಗಾಂಧಿನಗರಕ್ಕೆ ಅಳಿಯನ ಜೊತೆ

ಗಾಂಧಿನಗರ! ಈ ಹೆಸರು ಕಿವಿಗೆ ಬಿದ್ದರೆ ಸಾಕು, ನಮ್ಮ ಅಭಿಮಾನಿ ಮಿತ್ರರ ಕಣ್ಣ ಮುಂದೆ ಕಟೌಟು, ಹೂವಿನ ಹಾರ, ಪಟಾಕಿ, ಹೌಸ್‌ಫುಲ್ ಬೋರ್ಡು ಎಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಆದರೆ ರಾತ್ರಿಯೆಲ್ಲ ರೈಲಿನಲ್ಲಿ ಕೂತು ಬೆಳಗ್ಗೆ ಬ್ಯಾಗು ಹೆಗಲಿಗೇರಿಸಿಕೊಂಡು ಇಳಿದವನಿಗೆ ಮೊದಲು ಬೇಕಾಗುವುದು ಕಟೌಟಲ್ಲ ಸ್ವಾಮಿ, ಒಂದು ರೂಮು. ಆಮೇಲೆ ಊಟ. ಜೊತೆಯಲ್ಲಿ ಹದಿನಾರು ವರ್ಷದ ಹುಡುಗನಿದ್ದರಂತೂ ಊಟವೇ ಮೊದಲು, ರೂಮು ಆಮೇಲೆ!

ಒಬ್ಬನೇ ಬಂದರೆ ಎಲ್ಲಿ ಬಿದ್ದುಕೊಂಡರೂ ನಡೆದೀತು. ಹೆಂಡತಿ ಮಕ್ಕಳ ಜೊತೆ ಬಂದರೆ ಫ್ಯಾಮಿಲಿ ರೂಮು ಅಂತ ಕೇಳಬಹುದು. ಈ ಮೀಸೆ ಚಿಗುರುತ್ತಿರುವ ಹುಡುಗನಿದ್ದಾನಲ್ಲ, ಅವನು ಮಕ್ಕಳ ಲೆಕ್ಕಕ್ಕೂ ಬರೋದಿಲ್ಲ, ಗಂಡಸರ ಲೆಕ್ಕಕ್ಕೂ ಬರೋದಿಲ್ಲ. ಅವನಿಗೆ ತಕ್ಕ ಲಾಡ್ಜು, ತಕ್ಕ ಹೋಟೆಲು ಹುಡುಕುವುದು ಒಂದು ವಿದ್ಯೆ. ನನ್ನ ಅಕ್ಕನ ಮಗನನ್ನು ಕರೆದುಕೊಂಡು ಮೂರು ದಿನ ಬೆಂಗಳೂರಿನಲ್ಲಿದ್ದು ಬಂದೆ. ಆ ಮೂರು ದಿನದ ಕಥೆಯೇ ಇದು.

ಅಕ್ಕನ ಆರ್ಡರು

ನಮ್ಮದು ನಾಲವಾರ. ಚಿತ್ತಾಪುರ ತಾಲೂಕು. ವಾಡಿ ಜಂಕ್ಷನ್ನಿಗೂ ಯಾದಗಿರಿಗೂ ನಡುವೆ ರೈಲಿನ ಕಿಟಕಿಯಲ್ಲಿ ಬಂದು ಹೋಗುವ ಊರು. ಕೋರಿಸಿದ್ಧೇಶ್ವರ ಮಠಕ್ಕೆ ನಡೆದುಕೊಳ್ಳುವವರಿಗೆ ಗೊತ್ತು, ಸನ್ನತಿಯ ಬೌದ್ಧ ಸ್ತೂಪ ನೋಡಲು ಇಳಿಯುವವರಿಗೆ ಗೊತ್ತು. ಉಳಿದವರಿಗೆ ವಾಡಿಯ ಸಿಮೆಂಟು ಗೊತ್ತು, ಶಹಾಬಾದಿನ ಕಲ್ಲು ಗೊತ್ತು, ನಾವು ಗೊತ್ತಿಲ್ಲ. ಇರಲಿ.

ಹುಡುಗ ಎಸ್ಸೆಸ್ಸೆಲ್ಸಿ ಪಾಸಾದ. ಡಿಪ್ಲೊಮಾ ಓದ್ತೀನಿ, ಅದೂ ಬೆಂಗಳೂರಿನಲ್ಲೇ ಓದ್ತೀನಿ ಅಂತ ಹಟ. ನಮ್ಮ ಭಾಗದವರಿಗೆ ಸಂವಿಧಾನದ 371(ಜೆ) ವಿಧಿಯ ಪ್ರಕಾರ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8 ಸೀಟು ಮೀಸಲು ಅಂತ ಯಾರೋ ಅವನ ಕಿವಿಯಲ್ಲಿ ಊದಿದ್ದರು. ಅಕ್ಕನಿಗೆ ಸೀಟಿನ ಚಿಂತೆಯಿಲ್ಲ, ಮಗನ ಚಿಂತೆ.

"ತಮ್ಮಾ, ಒಮ್ಮಿ ಕರಕೊಂಡು ಹೋಗಿ ತೋರಿಸ್ಕೊಂಡು ಬಾ. ಅಲ್ಲಿ ಇರ್ತಾನೋ, ಎರಡು ದಿನಕ್ಕ ಅಳತಾನೋ, ನೀನೇ ನೋಡು. ನೀ ಹೂಂ ಅಂದ್ರ ಕಳಸ್ತೀನಿ, ಇಲ್ಲಂದ್ರ ಇಲ್ಲ."

ನೋಡಿದಿರಾ ಎಂಥ ಇಕ್ಕಟ್ಟು! ಹುಡುಗನಿಗೆ ಇದು ಪಿಕ್ಚರ್ ನೋಡುವ ಟ್ರಿಪ್ಪು. ನನಗೆ ಪರೀಕ್ಷೆ ನಡೆಸುವ ಟ್ರಿಪ್ಪು. ಅವನಿಗೆ ಗೊತ್ತಾಗದ ಹಾಗೆ!

ವಾಡಿಯಲ್ಲಿ ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆವು. ರಾಯಚೂರು, ಗುಂತಕಲ್ಲು ದಾಟಿ ಬೆಳಗ್ಗೆ ಬೆಂಗಳೂರು. ಸ್ಟೇಷನ್ನಿನ ಬೋರ್ಡು ಓದಿದ ಹುಡುಗ ಹಿಗ್ಗಿಬಿಟ್ಟ. ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ! 2012ರಲ್ಲಿ ದರ್ಶನ್ ಅಭಿನಯದ ಚಿತ್ರ ಬಂತು, 2016ರಲ್ಲಿ ಸ್ಟೇಷನ್ನಿಗೆ ಆ ವೀರನ ಹೆಸರು ಬಂತು. "ಪಿಕ್ಚರ್ ಮೊದಲು, ಸ್ಟೇಷನ್ ಆಮ್ಯಾಲ ಮಾಮಾ" ಅಂತ ಅವನ ಲೆಕ್ಕ.

ಬೋರ್ಡು ನೋಡಿ ಮರುಳಾಗಬೇಡಿ

ಸ್ಟೇಷನ್ನಿನ ಎದುರಿಗೇ ಮೆಜೆಸ್ಟಿಕ್ ಬಸ್ ಸ್ಟ್ಯಾಂಡು. ಅದರ ಆಚೆಗೆ ಗಾಂಧಿನಗರ. ಗಲ್ಲಿಗೆ ಹತ್ತು ಲಾಡ್ಜು. ಹೊರಗೆ ಬರುತ್ತಿದ್ದಂತೆ "ರೂಮ್ ಬೇಕಾ ಸಾರ್?" ಅಂತ ಬೆನ್ನು ಹತ್ತುವವರಿದ್ದಾರೆ. ಅವರ ಹಿಂದೆ ಹೋಗಬೇಡಿ. ಅವರ ಕಮಿಷನ್ನು ನಿಮ್ಮ ಬಾಡಿಗೆಯಲ್ಲೇ ಸೇರಿರುತ್ತದೆ.

ಮೊದಲು ಹೊಕ್ಕ ಲಾಡ್ಜಿನ ಹೆಸರು ಬೇಡ ಬಿಡಿ. ಗಾಜಿನ ಬಾಗಿಲು, ಬಣ್ಣದ ದೀಪ ಎಲ್ಲ ಇತ್ತು. ಕೌಂಟರಿನಲ್ಲಿದ್ದವನು ನಮ್ಮ ಆಧಾರ್ ಕಾರ್ಡು ತಿರುಗಿಸಿ ನೋಡಿದ. ಕಲಬುರಗಿ ಜಿಲ್ಲೆ ಅಂತ ಓದಿದ. ಹುಡುಗನ ಮುಖ ನೋಡಿ, "ಏನಪ್ಪಾ, ಗಾರೆ ಕೆಲಸಕ್ಕೆ ಬಂದ್ಯಾ?" ಅಂದ.

ಗಾರೆ ಕೆಲಸ ಕೀಳಲ್ಲ ಓದುಗರೇ. ಬೆಂಗಳೂರಿನ ಎಷ್ಟೋ ಮಹಡಿಗಳಿಗೆ ನಮ್ಮ ಕಡೆಯವರ ಬೆವರು ಬಿದ್ದಿದೆ. ನನ್ನ ಓಣಿಯವರೇ ಎಷ್ಟೋ ಜನ ಬಂದು ದುಡಿದು ಮನೆ ನಡೆಸುತ್ತಿದ್ದಾರೆ. ಆದರೆ ಅವನು ಕೇಳಿದ ಧಾಟಿಯಿದೆಯಲ್ಲ, ಅದು ಕೀಳು. ಹುಡುಗ ತುಟಿ ಪಿಟಕ್ ಅನ್ನಲಿಲ್ಲ. ರೈಲಿನಲ್ಲಿ ರಾತ್ರಿಯೆಲ್ಲ ಡೈಲಾಗ್ ಹೊಡೆದವನು ನೆಲ ನೋಡುತ್ತ ನಿಂತ. ನಾನು ಕಾರ್ಡು ವಾಪಸ್ ಇಸಕೊಂಡು ಹೊರಗೆ ಬಂದೆ.

ಆಮೇಲೆ ಹುಡುಕಿದ್ದು ಒಂದು ಅಡ್ಡರಸ್ತೆಯ ಹಳೇ ಲಾಡ್ಜು. ಕೆಳಗೆ ಬಾರ್ ಇಲ್ಲ. ಹಾಡು, ಗಲಾಟೆ ಇಲ್ಲ. ಕೌಂಟರಿನಲ್ಲಿ ಬೆಳ್ಳಿಕೂದಲ ಮ್ಯಾನೇಜರು. ಮೆಟ್ಟಿಲು ಹತ್ತುವಾಗ ಹುಡುಗ ಥಟ್ಟನೆ ನಿಂತ.

"ಮಾಮಾ, ಇದು ನಮ್ ಕಲ್ಲು!"

ಹೌದು, ಶಹಾಬಾದಿ ಹಾಸುಗಲ್ಲು. ತುಳಿದು ತುಳಿದು ನುಣುಪಾಗಿತ್ತು. ಮ್ಯಾನೇಜರು ನಕ್ಕು, "ಮೂವತ್ತು ವರ್ಷದಿಂದ ತುಳೀತಿದೀನಿ ಕಣಪ್ಪಾ, ಯಾವೂರಿನದು ಅಂತ ಇವತ್ತು ಗೊತ್ತಾಯ್ತು" ಅಂದರು. ಆ ಒಂದು ಮಾತಿಗೆ ನಾನು ರೂಮು ನೋಡದೇ ಒಪ್ಪಿಕೊಳ್ಳುವವನಿದ್ದೆ! ಆದರೂ ನೋಡಿದೆ. ನೀವೂ ನೋಡಿ. ಏನೇನು ನೋಡಬೇಕು ಅಂತ ಹೇಳಿಬಿಡುತ್ತೇನೆ.

ಒಂದು, ಎರಡು ಬೇರೆ ಬೇರೆ ಮಂಚ. ಈ ವಯಸ್ಸಿನ ಹುಡುಗರಿಗೆ ಮಾಮನ ಪಕ್ಕ ಮಲಗುವುದೆಂದರೆ ಅವಮಾನ. ಎರಡು, ಕಿಟಕಿ ರಸ್ತೆಗೆ ತೆರೆಯಬೇಕು. ಎಷ್ಟೋ ಲಾಡ್ಜುಗಳಲ್ಲಿ ಕಿಟಕಿ ತೆರೆದರೆ ಪಕ್ಕದ ಗೋಡೆ. ಮೂರು, ಬಾಡಿಗೆಯ ಲೆಕ್ಕ. ಕೆಲವರದು ಇಪ್ಪತ್ನಾಲ್ಕು ಗಂಟೆಯ ಲೆಕ್ಕ, ಕೆಲವರದು ಮಧ್ಯಾಹ್ನ 12ರ ಲೆಕ್ಕ. ಬೆಳಗಿನ ರೈಲಿಗೆ ಇಳಿಯುವ ನಮ್ಮಂಥವರಿಗೆ ಇಪ್ಪತ್ನಾಲ್ಕು ಗಂಟೆಯದೇ ಲಾಭ. ಇಲ್ಲದಿದ್ದರೆ ಸ್ನಾನ ಮುಗಿಸಿ ಕೂರುವಷ್ಟರಲ್ಲಿ ಒಂದು ದಿನದ ಬಾಡಿಗೆ ಮುಗಿದಿರುತ್ತದೆ. ನಾಲ್ಕು, ಬಿಸಿನೀರು ಎಷ್ಟರಿಂದ ಎಷ್ಟರವರೆಗೆ ಅಂತ ಕೇಳಿ. ಐದು, ಹುಡುಗನದೂ ಗುರುತಿನ ಚೀಟಿ ಇಟ್ಟುಕೊಳ್ಳಿ. ಜೊತೆಗಿರುವವನು ಅಪ್ಪನಲ್ಲ, ಮಾಮ ಅಂದರೆ ಕೇಳುವವರು ಕೇಳಿಯೇ ಕೇಳುತ್ತಾರೆ. ಕೇಳುವುದು ಒಳ್ಳೆಯದೇ.

ಇವೆಲ್ಲಕ್ಕಿಂತ ದೊಡ್ಡದು ಆರನೆಯದು. ಆ ಲಾಡ್ಜಿನಿಂದ ಹುಡುಗ ಒಬ್ಬನೇ ಹೊರಗೆ ಹೋಗಿ ಒಬ್ಬನೇ ವಾಪಸ್ ಬರುವಂತಿರಬೇಕು. ದಾರಿ ಸರಳ, ಗುರುತು ಸುಲಭ, ಬಾಗಿಲಲ್ಲಿ ಕೂತವರು ಸಭ್ಯರು. ಇದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಕೈ ಬಿಗಿಯಾಗಿದ್ದವರಿಗೆ ಸ್ಟೇಷನ್ ಹತ್ತಿರವೇ ಗುಬ್ಬಿ ತೋಟದಪ್ಪನವರ ಧರ್ಮಛತ್ರವಿದೆ. ಗುಬ್ಬಿಯ ಈ ವ್ಯಾಪಾರಿ ಪರಸ್ಥಳದ ಪ್ರಯಾಣಿಕರಿಗಾಗಿ, ಓದುವ ಹುಡುಗರಿಗಾಗಿ ತನ್ನ ಗಳಿಕೆಯನ್ನೆಲ್ಲ ಧಾರೆಯೆರೆದ ಪುಣ್ಯಾತ್ಮ. 1903ರಲ್ಲಿ ಮೈಸೂರು ಮಹಾರಾಜರ ಕೈಯಲ್ಲಿ ಛತ್ರದ ಉದ್ಘಾಟನೆ. ಗುಬ್ಬಿ ಅಂದರೆ ನಮ್ಮ ಸಿನಿಮಾದವರಿಗೆ ನಾಟಕದ ವೀರಣ್ಣನವರು ನೆನಪಾಗುತ್ತಾರೆ. ಅಣ್ಣಾವ್ರನ್ನು 1954ರ 'ಬೇಡರ ಕಣ್ಣಪ್ಪ'ದ ನಾಯಕನನ್ನಾಗಿ ತೆರೆಗೆ ತಂದದ್ದು ಆ ಗುಬ್ಬಿಯ ನಂಟು. ಪ್ರಯಾಣಿಕರನ್ನು ನೆರಳಿಗೆ ತಂದದ್ದು ಈ ಗುಬ್ಬಿಯ ನಂಟು.

ಬೆಲ್ಲ ಯಾರದು?

ಈಗ ಹೊಟ್ಟೆಯ ವಿಚಾರ. ಮೊದಲ ದಿನ ಕೂತು ತಿನ್ನುವ ದೊಡ್ಡ ಹೋಟೆಲಿಗೆ ಕರೆದೊಯ್ದೆ. ಮೆನು ಕಾರ್ಡು ಹುಡುಗನ ಕೈಗೆ ಕೊಟ್ಟೆ. ಅವನು ಅದನ್ನು ಪರೀಕ್ಷೆಯ ಪೇಪರಿನಂತೆ ನೋಡಿದ. ಮಾಣಿ ಬಂದು ನಿಂತ. ಹುಡುಗ ನನ್ನ ಕಡೆ ನೋಡಿದ. ಲಾಡ್ಜಿನವನ ಮಾತು ಇನ್ನೂ ಗಂಟಲಲ್ಲೇ ಇತ್ತೆಂದು ಕಾಣುತ್ತದೆ. ನಮ್ಮ ಭಾಷೆ ಆಡಿದರೆ ನಗುತ್ತಾರೆ ಎಂಬ ಅಳುಕು. ನಾನೇ ಇಡ್ಲಿ ವಡೆ ಹೇಳಿದೆ. ಸಾಂಬಾರು ಬಾಯಿಗಿಟ್ಟವನು ಮುಖ ಹಿಂಡಿದ.

"ಮಾಮಾ, ಇದು ಯಾಕ ಸಿಹಿ ಅದ?"

"ಬೆಲ್ಲ ಹಾಕ್ತಾರೋ."

"ತೊಗರಿಬ್ಯಾಳಿ ನಮ್ದು. ಬೆಲ್ಲ ಯಾರ್ದು?"

ನಗು ತಡೆಯಲಾಗಲಿಲ್ಲ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಹುಡುಗನ ಜಂಬಕ್ಕೆ ಕಾಗದಪತ್ರದ ಆಧಾರವಿದೆ! ಆದರೆ ಎರಡು ಇಡ್ಲಿಯಲ್ಲಿ ನಮ್ಮ ಕಡೆಯ ಹುಡುಗನ ಹೊಟ್ಟೆಯ ಒಂದು ಮೂಲೆಯೂ ತುಂಬುವುದಿಲ್ಲ. ಈ ವಯಸ್ಸಿನವರ ಜೊತೆ ಬಂದವರು ಊಟಕ್ಕೆ ಇಷ್ಟು ಅಂತ ಇಟ್ಟುಕೊಂಡದ್ದನ್ನು ಒಂದೂವರೆ ಪಟ್ಟು ಮಾಡಿಕೊಳ್ಳಿ.

ಮಧ್ಯಾಹ್ನ ಉತ್ತರ ಕರ್ನಾಟಕದ ಖಾನಾವಳಿ ಹುಡುಕಿದೆ. ಗಾಂಧಿನಗರದ ಸುತ್ತ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಸಿಗುವ ಜಾಗಗಳಿವೆ. ಅಲ್ಲಿ ಹುಡುಗನಿಗೆ ಬಾಯಿ ಬಂತು. ಆರು ರೊಟ್ಟಿ! ಮನಸ್ಸಿಗೆ ಸಮಾಧಾನವಾಯಿತು. ಆದರೆ ಒಂದು ಮಾತು ಹೊಳೆಯಿತು. ಮೂರು ದಿನವೂ ಇಲ್ಲೇ ಉಣ್ಣಿಸಿದರೆ ಬೆಂಗಳೂರಿಗೆ ಬಂದು ನಾಲವಾರದಲ್ಲೇ ಕೂತಂತೆ. ಪರೀಕ್ಷೆ ನಡೆಯುವುದಿಲ್ಲ.

ಹಾಗಾಗಿ ಸಂಜೆ ದರ್ಶಿನಿಗೆ. ನಿಂತು ತಿನ್ನುವ ಈ ಪದ್ಧತಿ 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಹಬ್ಬಿದ್ದು. ಗೋಡೆಯ ಬೋರ್ಡು ಓದು, ಕೌಂಟರಿನಲ್ಲಿ ದುಡ್ಡು ಕೊಡು, ಚೀಟಿ ತಗೋ, ಒಳಗೆ ಕೂಗಿ ಹೇಳು, ತಟ್ಟೆ ನೀನೇ ಎತ್ತಿಕೋ. ಇಲ್ಲಿ ಮಾಣಿಯ ಹೆದರಿಕೆಯಿಲ್ಲ. ಯಾರೂ ಯಾರ ಊರನ್ನೂ ಕೇಳುವುದಿಲ್ಲ, ಹಿಂದೆ ನಿಂತವನಿಗೂ ಹಸಿವು! ಹಳ್ಳಿಯ ಹುಡುಗನಿಗೆ ಬೆಂಗಳೂರು ಕಲಿಸುವ ಒಳ್ಳೆಯ ಶಾಲೆ ಇದೇ ಅಂತ ನನ್ನ ಅಭಿಪ್ರಾಯ. ಕೈಗೆ ದುಡ್ಡು ಕೊಟ್ಟು ನಾನು ದೂರ ನಿಂತೆ. ಮೊದಲ ಸಲ ಅವನ ದನಿ ಅಡುಗೆಯವನಿಗೆ ಕೇಳಲೇ ಇಲ್ಲ. ಎರಡನೇ ಸಲ "ಅಣ್ಣಾ, ಎರಡು ಮಸಾಲಿ!" ಅಂದ. ಮಸಾಲೆ ದೋಸೆ ಬಂತು. ಯಾರೂ ನಗಲಿಲ್ಲ.

ನಲವತ್ತು ನಿಮಿಷ

ಎರಡನೇ ದಿನ ಬೆಳಗ್ಗೆ ಜೇಬಿಗೆ 500 ರೂಪಾಯಿ ಹಾಕಿ ಹೇಳಿದೆ: "ಹೋಗಿ ತಿಂಡಿ ತಿಂದು, ನನಗೂ ಕಟ್ಟಿಸ್ಕೊಂಡು ಬಾ. ಫೋನು ಇಲ್ಲೇ ಇಡು."

"ಫೋನಾ?" ಅಂದ, ಪ್ರಾಣ ಕೇಳಿದ ಹಾಗೆ. ಇಟ್ಟು ಹೋದ.

ಹತ್ತು ನಿಮಿಷ ಕಿಟಕಿಯಲ್ಲಿ ನಿಂತೆ. ಇಪ್ಪತ್ತಾಯಿತು. ಮೂವತ್ತಾಯಿತು. ಅಕ್ಕನ ಮುಖ ಕಣ್ಣ ಮುಂದೆ ಬಂತು. ಕೆಳಗಿಳಿದು ಬಾಗಿಲಲ್ಲಿ ನಿಂತೆ. ಮ್ಯಾನೇಜರು ಪೇಪರಿನಿಂದ ತಲೆ ಎತ್ತದೆ, "ಬರ್ತಾನೆ ಬಿಡಿ ಸಾರ್. ಹೋಗುವಾಗ ಲಾಡ್ಜಿನ ಕಾರ್ಡು ಕೇಳಿ ಇಸಕೊಂಡು ಹೋದ" ಅಂದರು. ನನಗೆ ಹೊಳೆಯದ ಉಪಾಯ ಅವನಿಗೆ ಹೊಳೆದಿತ್ತು!

ನಲವತ್ತನೇ ನಿಮಿಷಕ್ಕೆ ಮೂಲೆಯಲ್ಲಿ ಕಂಡ. ಕೈಯಲ್ಲಿ ಪೊಟ್ಟಣ. ಮುಖದಲ್ಲಿ ಫಸ್ಟ್ ಡೇ ಫಸ್ಟ್ ಶೋ ಟಿಕೆಟ್ ಸಿಕ್ಕವನ ಕಳೆ.

"ಎಲ್ಲಿ ಹೋಗಿದ್ಯೋ?"

"ದಾರಿ ತಪ್ಪಿದ್ದೆ ಮಾಮಾ. ಒಬ್ಬರನ್ನ ಕೇಳ್ದೆ. ಯಾವೂರು ಅಂದ್ರು. ನಾಲವಾರ ಅಂದೆ. ಎಲ್ಲದ ಅಂತ ಕೇಳಿದ್ರು, ವಾಡಿ ಜಂಕ್ಷನ್ ಬಾಜೂಕ ಅಂತ ಹೇಳ್ದೆ." ಚಿಲ್ಲರೆ ಲೆಕ್ಕ ಮಾಡಿ ಮೇಜಿನ ಮೇಲಿಟ್ಟ. ಒಂದು ರೂಪಾಯಿ ಹೆಚ್ಚುಕಡಿಮೆ ಇಲ್ಲ.

ಥಿಯೇಟರ್ ಸಾಲು

ಆಮೇಲಿನದೆಲ್ಲ ಹಬ್ಬ. ಕೆಂಪೇಗೌಡ ರಸ್ತೆಯಲ್ಲಿ ನಡೆದೆವು. "ಮೆಜೆಸ್ಟಿಕ್ ಟಾಕೀಸ್ ಎಲ್ಲದ?" ಅಂತ ಕೇಳಿದ. ಟಾಕೀಸು ಹೋಗಿ ಹೆಸರಷ್ಟೇ ಉಳಿದಿದೆ. 1968ರಲ್ಲಿ ತೆರೆದ ಭಾರೀ ಕಪಾಲಿ 2017ರಲ್ಲಿ ಬಾಗಿಲು ಹಾಕಿತು. ಸಾಗರ್ ಕೂಡ ಇಲ್ಲ. 1972ರ 'ಬಂಗಾರದ ಮನುಷ್ಯ' ಎರಡು ವರ್ಷ ಓಡಿದ ಸ್ಟೇಟ್ಸ್ ಟಾಕೀಸಿಗೆ ಮುಂದೆ ಭೂಮಿಕಾ ಅಂತ ಹೆಸರಾಯಿತು. ಅಲ್ಲಿ ನಿಂತು ಹುಡುಗನಿಗೆ ಕಥೆ ಹೇಳಿದೆ. ರಾಜೀವ ಎಂಬ ಸೋದರಮಾವ, ಅಕ್ಕನ ಮಕ್ಕಳಿಗಾಗಿ ನೆಲ ಅಗೆದು ಬಂಗಾರ ಬೆಳೆದ. ಓದಿಸಿದ ಅಳಿಯನೇ ಕೊನೆಗೆ ಎದುರು ನಿಂತ.

ಹುಡುಗ ಸುಮ್ಮನೆ ಕೇಳಿ, "ನಾ ಹಂಗ ಮಾಡಾಂವಲ್ಲ ಮಾಮಾ" ಅಂದ. ನಾನು ಬೇರೆ ಕಡೆ ನೋಡಿದೆ.

ಪಿಕ್ಚರಿಗೆ ಹೋಗುವಾಗ ಸರ್ಟಿಫಿಕೇಟು ನೋಡಿಕೊಳ್ಳಿ. ಹದಿನೆಂಟರ ಒಳಗಿನವರಿಗೆ 'ಎ' ಚಿತ್ರಕ್ಕೆ ಪ್ರವೇಶವಿಲ್ಲ. 2024ರಿಂದ ಯುಎ ಚಿತ್ರಗಳಲ್ಲೂ 7, 13, 16 ಅಂತ ವಯಸ್ಸಿನ ಗುರುತು ಬಂದಿದೆ. ಟಿಕೆಟ್ ತೆಗೆದ ಮೇಲೆ ಬಾಗಿಲಲ್ಲಿ ವಾದ ಮಾಡಿದರೆ ಹುಡುಗನ ಮಾನ ಹೋಗುತ್ತದೆ.

ತಿನ್ನಲು ಎರಡು ಜಾಗ ಬಿಡಬೇಡಿ. ಮೆಜೆಸ್ಟಿಕ್ಕಿನಿಂದ ಹಸಿರು ಮಾರ್ಗದ ಮೆಟ್ರೋ ಹತ್ತಿ ಲಾಲ್‌ಬಾಗಿನಲ್ಲಿ ಇಳಿದು ನಡೆದರೆ 1924ರ ಎಂ.ಟಿ.ಆರ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದ ಜಾಗ. ಇನ್ನೊಂದು ದಿನ ಅದಕ್ಕಿಂತ ಒಂದು ಸ್ಟೇಷನ್ನು ಮೊದಲೇ, ನ್ಯಾಷನಲ್ ಕಾಲೇಜಿನಲ್ಲಿ ಇಳಿದರೆ ಗಾಂಧಿಬಜಾರಿನ 1943ರ ವಿದ್ಯಾರ್ಥಿ ಭವನ. ತೋಳಿನ ಮೇಲೆ ದೋಸೆ ತಟ್ಟೆಗಳನ್ನು ಗೋಪುರದಂತೆ ಜೋಡಿಸಿ ತರುವ ಮಾಣಿಯನ್ನು ನೋಡಿ ನಮ್ಮ ಹುಡುಗ ಶಿಳ್ಳೆ ಹಾಕುವುದೊಂದು ಬಾಕಿ! ಎರಡೂ ಕಡೆ ಕಾಯಬೇಕು. ಹಸಿದ ಹುಡುಗನನ್ನು ಕ್ಯೂನಲ್ಲಿ ನಿಲ್ಲಿಸಬೇಡಿ. ಮೊದಲು ಬಾಳೆಹಣ್ಣು ಕೊಟ್ಟು ನಿಲ್ಲಿಸಿ.

ಕೊನೆಯ ದಿನ ಕಂಠೀರವ ಸ್ಟುಡಿಯೋ. ಅಣ್ಣಾವ್ರ ಸಮಾಧಿ, ಅಪ್ಪುವಿನ ಸಮಾಧಿ. ಚಪ್ಪಲಿ ಬಿಟ್ಟು ಕೈ ಮುಗಿದೆವು. ಅಲ್ಲಿಗೆ ದಾರಿ ಕೇಳಿದವನು, ಬಸ್ಸು ಹುಡುಕಿದವನು, ಟಿಕೆಟ್ ತೆಗೆದವನು ಹುಡುಗನೇ. ನಾನು ಹಿಂದೆ ಹಿಂದೆ ಹೋದೆ, ಅಷ್ಟೇ.

ರಾತ್ರಿ ರೈಲಿಗೆ ಮುಂಚೆ ಅಕ್ಕನಿಗೆ ಫೋನ್ ಹಚ್ಚಿದೆ. "ಅಳತಾನೇನು?" ಅಂತಲೇ ಶುರು ಮಾಡಿದಳು. "ಕಳಸು ಅಕ್ಕಾ. ಆದ್ರ ತಿಂಗಳಾ ರೊಟ್ಟಿ, ಹಿಂಡಿ ಕಟ್ಟಿ ಕಳಸಬೇಕಾಗ್ತದ, ಸಾಂಬಾರ್ ಒಂದು ಅವ್ನಿಗೆ ಒಗ್ಗಂಗಿಲ್ಲ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಾಸ್ಟೆಲ್ ಖರ್ಚು ಎಷ್ಟಾಗ್ತದ ಕೇಳ್ಕೊಂಡು ಬಾ" ಅಂದಳು. ಪಕ್ಕದಲ್ಲಿದ್ದ ಹುಡುಗ ಜೇಬಿನಿಂದ ಚೀಟಿ ತೆಗೆದು ನನ್ನ ಕೈಗಿಟ್ಟ. ಮೂರು ಹಾಸ್ಟೆಲಿನ ಲೆಕ್ಕ ಆಗಲೇ ಬರೆದುಕೊಂಡಿದ್ದ.