ಐದು ಮೆಟ್ಟಿಲು

ನಮ್ಮ ಮೊಹಲ್ಲಾದ ಮಸೀದಿಗೆ ಐದು ಮೆಟ್ಟಿಲು. ಚಿಕ್ಕಂದಿನಿಂದ ಹತ್ತಿ ಇಳಿದ ನಮಗೆ ಅವು ಐದು ಎಂದು ಗೊತ್ತಾದದ್ದು ಮಾತ್ರ ಅಬ್ಬಾಗೆ ಲಕ್ವ ಹೊಡೆದ ಮೇಲೆ. ಎಡಗೈ, ಎಡಗಾಲು ಸ್ವಾಧೀನ ತಪ್ಪಿ ಅವರು ಗಾಲಿಕುರ್ಚಿ ಹಿಡಿದರು.

ಮೊದಲ ತೊಡಕು ಮನೆಯಲ್ಲೇ ಎದುರಾಯಿತು. ಕುರ್ಚಿಯ ಅಗಲ 26 ಅಂಗುಲ, ಬಚ್ಚಲ ಬಾಗಿಲು 24. ಆ ಎರಡು ಅಂಗುಲದ ದೆಸೆಯಿಂದ ಅಬ್ಬಾ ಪ್ರತಿ ಸಲವೂ ಯಾರಾದರೂ ಬಂದು ಎತ್ತಲಿ ಎಂದು ಕಾಯಬೇಕಾಯಿತು. ಕಾಯಲು ಸಂಕೋಚಪಟ್ಟು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಅದು ನಮಗೆ ತಿಳಿದದ್ದು ಡಾಕ್ಟರು ಬೈದಾಗ. ಕತೆಗಳಲ್ಲಿ ಪರರ ನೋವು ಬರೆಯುವ ನಾವು ನಮ್ಮ ಮನೆಯ ಬಾಗಿಲನ್ನೇ ಅಳೆದಿರಲಿಲ್ಲ. ಗೋಡೆ ಒಡೆಸಿ ಬಾಗಿಲನ್ನು 3 ಅಡಿ ಮಾಡಿಸಿದೆವು.

ಶುಕ್ರವಾರ ಮಾತ್ರ ನಮಗೆ ಚಿಂತೆ ಇರಲಿಲ್ಲ. ಮಸೀದಿಯ ಮುಂದೆ ನಾಲ್ವರು ಹುಡುಗರು ಓಡಿ ಬಂದು ಅಬ್ಬಾರನ್ನು ಕುರ್ಚಿ ಸಮೇತ ಎತ್ತಿ ಒಳಗಿಡುತ್ತಿದ್ದರು. ಎಂಥ ಒಳ್ಳೆಯ ಮಕ್ಕಳು, ಎಂಥ ಸವಾಬಿನ ಕೆಲಸ ಎಂದು ನಾವು ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದೆವು. ಮೂರು ತಿಂಗಳಾದ ಮೇಲೆ ಒಂದು ಜುಮಾಕ್ಕೆ ಅಬ್ಬಾ ಹೊರಡಲೇ ಇಲ್ಲ.

"ನಾಲ್ಕು ಜನ ಹೊರೋದು ಒಂದಿನ ಇದ್ದೇ ಇದೆ ಬೇಟಾ. ವಾರ ವಾರ ಯಾಕೆ?" ಎಂದರು.

ಅಶಕ್ತರಿಗೆ ರಿಯಾಯಿತಿ ಇದೆಯಲ್ಲ, ಮನೆಯಲ್ಲೇ ನಮಾಜು ಮಾಡಿ ಎಂದೆವು. ನಿಂತು ಆಗದಿದ್ದರೆ ಕೂತು, ಕೂತೂ ಆಗದಿದ್ದರೆ ಮಲಗಿ ನಮಾಜು ಮಾಡಬಹುದೆಂದು ಪ್ರವಾದಿವರ್ಯರು(ಸ) ಇಮ್ರಾನ್ ಬಿನ್ ಹುಸೈನ್‌ರಿಗೆ ಹೇಳಿದ್ದನ್ನು ನಮಗೆ ಕಲಿಸಿದವರೇ ಅಬ್ಬಾ. ಅವರು ನಕ್ಕರು. "ರಿಯಾಯಿತಿ ನನ್ನ ಮೈಗೆ. ನಿಮ್ಮ ಮೆಟ್ಟಿಲಿಗಲ್ಲ."

ಮಸೀದಿಯ ಕಮಿಟಿಯ ಮುಂದೆ ವಿಷಯ ಇಟ್ಟೆವು. ಒಬ್ಬರಿಗಾಗಿ ಇಷ್ಟು ಖರ್ಚೇ ಎಂದು ಒಬ್ಬರು ಕೇಳಿದರು. ಗಾಲಿಯಲ್ಲಿ ರಸ್ತೆಯ ಕೊಳೆ ಒಳಗೆ ಬರುವುದಿಲ್ಲವೇ ಎಂದರು ಇನ್ನೊಬ್ಬರು. ಬಾಗಿಲಲ್ಲಿ ಒದ್ದೆ ಬಟ್ಟೆ ಇಡಿ, ಒರೆಸಿ ಒಳಗೆ ಬರಲಿ ಎಂದು ಇಮಾಮರು ಆ ಮಾತು ಮುಗಿಸಿದರು. ಖರ್ಚಿನ ಮಾತು ಮುಗಿಯಲಿಲ್ಲ. 2011ರ ಜನಗಣತಿಯ ಪ್ರಕಾರ ಅಂಗವಿಕಲರು ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು ಎಂದೆವು. 2016ರ ಕಾಯಿದೆ ಅವರ ಪ್ರವೇಶವನ್ನು ದಯೆ ಎನ್ನುವುದಿಲ್ಲ, ಹಕ್ಕು ಎನ್ನುತ್ತದೆ; ಆ ಕಾಯಿದೆಯ ಸಾರ್ವಜನಿಕ ಕಟ್ಟಡಗಳಲ್ಲಿ ಧಾರ್ಮಿಕ ಕಟ್ಟಡಗಳೂ ಸೇರಿವೆ ಎಂದೆವು. ಕೊನೆಗೆ ಒಪ್ಪಿದರು.

ಮೇಸ್ತ್ರಿ ಮೆಟ್ಟಿಲ ಪಕ್ಕ ಎಂಟು ಅಡಿಯ ಇಳಿಜಾರು ಹಾಕಿದ. ಅದರ ಮೇಲೆ ಕುರ್ಚಿ ತಳ್ಳಲು ಇಬ್ಬರು ಬೇಕಾದರು. ಇಳಿಯುವಾಗ ಅಬ್ಬಾ ಕಣ್ಣು ಮುಚ್ಚಿ ಕಲಿಮಾ ಹೇಳಿಕೊಳ್ಳುತ್ತಿದ್ದರು. ಲೆಕ್ಕ ನಾವು ಆಮೇಲೆ ಕಲಿತೆವು: ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ನಮ್ಮ ಐದು ಮೆಟ್ಟಿಲು ಸೇರಿ ಎರಡೂವರೆ ಅಡಿ ಎತ್ತರ. ಅಂದರೆ 30 ಅಡಿ ಇಳಿಜಾರು. ಮುಂಭಾಗದಲ್ಲಿ ಅಷ್ಟು ಜಾಗವಿರಲಿಲ್ಲ. ಕಟ್ಟಿದ್ದನ್ನು ಒಡೆದು, ವುಜೂ ಮಾಡುವ ಕಡೆಯ ಗೋಡೆಗುಂಟ, ನಡುವೆ ಕುರ್ಚಿ ತಿರುಗುವಷ್ಟು ಸಮತಟ್ಟು ಜಾಗ ಬಿಟ್ಟು, ಕೈಗೆ ಕಂಬಿ ಕೊಟ್ಟು ಮತ್ತೆ ಕಟ್ಟಿಸಬೇಕಾಯಿತು. ಇಲ್ಲದ ದಾರಿಗಿಂತ ತಪ್ಪು ದಾರಿಗೆ ಖರ್ಚು ಹೆಚ್ಚು ಎಂಬುದು ಎಲ್ಲರಿಗೂ ಅರ್ಥವಾಯಿತು.

ಹೊಸ ದಾರಿಯಾದ ಮೊದಲ ಶುಕ್ರವಾರ ಏಳನೇ ತರಗತಿಯ ಮೊಮ್ಮಗ ಒಬ್ಬನೇ ಅಬ್ಬಾರ ಕುರ್ಚಿ ತಳ್ಳಿಕೊಂಡು ಹೋದ. ಅವರಿಗಿಂತ ಮೊದಲೇ ಮೂವರು ಆ ದಾರಿಯಲ್ಲಿ ಹತ್ತಿ ಒಳಗೆ ಕೂತಿದ್ದರು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಹುಡುಗ. ಮೊಣಕಾಲು ನೋವಿನ, ಹಣ್ಣಿನ ಗಾಡಿಯ ಚಾಚಾ. ಮತ್ತೆ ಊರುಗೋಲಿನ ಒಬ್ಬ ದರ್ಜಿ.

ಆ ದರ್ಜಿಯನ್ನು ನಾವು ಎಷ್ಟೋ ವರ್ಷಗಳಿಂದ ಮಸೀದಿಯಲ್ಲಿ ಕಂಡಿರಲಿಲ್ಲ. ನಮಾಜಿನ ಕಡೆ ಗಮನವಿಲ್ಲದ ಮನುಷ್ಯ ಎಂದು ನಮ್ಮೊಳಗೆ ನಾವೇ ಮಾತಾಡಿಕೊಂಡಿದ್ದೆವು.