ಪಿಗ್ಮಿ ಲೆಕ್ಕ

ಬರೆಯದೇ ಬಹಳ ದಿನ ಆಯ್ತು. ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ. ಆದ್ರೆ ದೀಪಾವಳಿಗೆ ಊರಿಗೆ ಹೋಗಿ ಬಂದಾಗಿನಿಂದ ಒಂದು ಪ್ರಶ್ನೆ ತಲೆಯಲ್ಲೇ ಕೂತುಬಿಟ್ಟಿದೆ. ಇಲ್ಲಿ ಇಳಿಸಿದರೆ ಸ್ವಲ್ಪ ಹಗುರಾದೀತು ಅನ್ನೋ ಆಸೆ.

ನಮ್ಮೂರು ಕುಂದಾಪುರದ ಹತ್ತಿರ. ಹಬ್ಬದ ಮಾರನೇ ದಿನ ಊಟ ಮುಗಿಸಿ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದೆ. ಅಕ್ಕನ ಮಗ ಹಳೇ ಲ್ಯಾಪ್‌ಟಾಪ್ ಹಿಡಿದುಕೊಂಡು ಪಕ್ಕಕ್ಕೆ ಬಂದ. ಈಗ ಎರಡನೇ ಪಿಯುಸಿ, ಸೈನ್ಸು.

"ಮಾವ, ಇದೊಂದ್ ಕಾಣಿ."

ಕಂಡೆ. ಮೆಟ್ಟಿಲಿನ ಮೇಲಿಂದ ಒಂದು ಚೆಂಡು ಪುಟಿಯುತ್ತಾ ಇಳಿದು ಬಂತು. ಕೊನೇ ಮೆಟ್ಟಿಲಿನ ಅಂಚಿಗೆ ಬಂದು, ಬೀಳಲೋ ಬೇಡವೋ ಅನ್ನೋ ಹಾಗೆ ಒಂದು ಕ್ಷಣ ತಡೆದು, ಆಮೇಲೆ ಬಿತ್ತು. ಒಟ್ಟು ಐದಾರು ಸೆಕೆಂಡಿನ ತುಣುಕು. ಆದರೆ ಆ ತಡೆದು ನಿಲ್ಲೋದಿದೆಯಲ್ಲ, ಅದನ್ನು ಸಾಫ್ಟ್‌ವೇರು ತಾನಾಗಿ ಹಾಕಿಕೊಡುವುದಿಲ್ಲ. ಮಾಡಿದವನಿಗೆ ಹೊಳೆದಿರಬೇಕು.

"ಯಾರು ಹೇಳಿಕೊಟ್ಟದ್ದು?"

"ಯಾರೂ ಇಲ್ಲ. ವಿಡಿಯೋ ನೋಡಿ ಮಾಡಿದ್ದು. ಮಾವ, ನಾನೂ ನಿಮ್ಮ ಹಾಂಗೆ ತ್ರೀಡಿ ಕಲೀಲಾ?"

2025ರ ಜುಲೈನಲ್ಲಿ ‘ಮಹಾವತಾರ್ ನರಸಿಂಹ’ ಬಂದಿತ್ತಲ್ಲ, ಅದನ್ನು ಗೆಳೆಯರ ಜೊತೆ ಕನ್ನಡದಲ್ಲೇ ನೋಡಿ ಬಂದವನಿಗೆ ಆವತ್ತಿನಿಂದ ಇದೇ ಧ್ಯಾನವಂತೆ. ಅಷ್ಟರಲ್ಲಿ ಭಾವ ಒಳಗಿಂದ ಒಂದು ಬಣ್ಣಬಣ್ಣದ ಕರಪತ್ರ ತಂದು ಕೈಗಿಟ್ಟರು. ಬೆಂಗಳೂರಿನ ಯಾವುದೋ ತರಬೇತಿ ಸಂಸ್ಥೆಯದು. ಮುಖಪುಟದಲ್ಲಿ ಒಂದು ರೋಬೋಟ್, ಒಂದು ಡ್ರ್ಯಾಗನ್, ಕೆಳಗೆ ದಪ್ಪಕ್ಷರದಲ್ಲಿ ‘ನೂರಕ್ಕೆ ನೂರು ಉದ್ಯೋಗ ಖಾತ್ರಿ’. ಮೂರು ವರ್ಷದ ಫೀಸು ನೋಡಿ ಕಣ್ಣುಜ್ಜಿಕೊಂಡೆ. ಭಾವ ಮನೆ ಅಡವಿಟ್ಟು ಸಾಲ ತೆಗೆಯುವ ಲೆಕ್ಕದಲ್ಲಿದ್ದರು.

ಅಕ್ಕ ಬಾಗಿಲಲ್ಲಿ ನಿಂತು ಕೇಳಿದಳು. "ನೀನೇ ಹೇಳ್ ಕಾಂಬ. ಇದ್ರಲ್ಲಿ ಹೊಟ್ಟಿ ತುಂಬತ್ತಾ?"

ನಾನು ತಕ್ಷಣ ಏನೂ ಹೇಳಲಿಲ್ಲ. ಮೂಲೆಯ ಕುರ್ಚಿಯಲ್ಲಿದ್ದ ಅಪ್ಪ ನನ್ನ ಮುಖ ನೋಡುತ್ತಿದ್ದರು. ನನ್ನ ಸರದಿ ಬಂದಾಗ ಈ ಪ್ರಶ್ನೆ ಕೇಳದೇ ದುಡ್ಡು ಕೊಟ್ಟವರು ಅವರು.

2006ರಲ್ಲಿ ಇಂಥದ್ದೇ ಒಂದು ಕರಪತ್ರ ನನ್ನ ಕೈಯಲ್ಲಿತ್ತು. ಆಗಲೂ ರೋಬೋಟ್ ಇತ್ತು, ಡ್ರ್ಯಾಗನ್ ಇರಲಿಲ್ಲ ಅಷ್ಟೇ :) ಬಿಕಾಂ ಮುಗಿದಿತ್ತು, ಲೆಕ್ಕಪತ್ರದಲ್ಲಿ ಆಸಕ್ತಿ ಇರಲಿಲ್ಲ, ಚಿತ್ರ ಗೀಚೋ ಹುಚ್ಚಿತ್ತು. ಅಪ್ಪ ಊರಿನ ಸಹಕಾರಿ ಸಂಘಕ್ಕೆ ಪಿಗ್ಮಿ ಸಂಗ್ರಹ ಮಾಡುತ್ತಿದ್ದವರು. ಕರಾವಳಿಯವರಿಗೆ ಪಿಗ್ಮಿ ಅಂದರೆ ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳ್ತೇನೆ: ಅಂಗಡಿಯವರು, ಮೀನು ಮಾರುವವರು, ರಿಕ್ಷಾದವರು ದಿನಕ್ಕೆ ಐದೋ ಹತ್ತೋ ರೂಪಾಯಿ ಕಟ್ಟುತ್ತಾರೆ, ಸಂಗ್ರಾಹಕ ಮನೆಬಾಗಿಲಿಗೇ ಬಂದು ಒಯ್ಯುತ್ತಾನೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಉಡುಪಿಯ ಸಂಸ್ಥೆ 1928ರಲ್ಲಿ ಶುರು ಮಾಡಿದ ಪದ್ಧತಿ ಅದು. ಹೀಗೆ ಊರವರ ಹತ್ತು ರೂಪಾಯಿ ಹೊತ್ತು ಬಿಸಿಲಲ್ಲಿ ಸೈಕಲ್ ತುಳಿದ ಅಪ್ಪ, ತಮ್ಮ ಠೇವಣಿ ಮುರಿದು ನನ್ನ ಫೀಸು ಕಟ್ಟಿದರು.

ನನ್ನ ಹತ್ತಿರ ಪ್ಲಾನು ಇತ್ತು. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದಿಟ್ಟಿದ್ದೆ. 2007: ಕೆಲಸ. 2009: ಟೀಮ್ ಲೀಡ್. 2012: ಹಾಲಿವುಡ್!! ಈಗ ನೆನೆಸಿಕೊಂಡರೆ ನಗು ಬರುತ್ತೆ. ಅದರಲ್ಲಿ ಇಸವಿ ಇತ್ತು, ಹುದ್ದೆ ಇತ್ತು. ನಾನು ದಿನಾ ಏನು ಮಾಡ್ತೀನಿ ಅನ್ನೋದು ಎಲ್ಲೂ ಇರಲಿಲ್ಲ.

ಕಲಿಕೆಯೂ ಹಾಗೇ ಇತ್ತು. ಈ ತಿಂಗಳು ಒಂದು ಸಾಫ್ಟ್‌ವೇರು, ಮುಂದಿನ ತಿಂಗಳು ಇನ್ನೊಂದು. ಯಾವ ಬಟನ್ ಎಲ್ಲಿದೆ ಅಂತ ಬಾಯಿಪಾಠ. ಪಕ್ಕದ ಸೀಟಿನ ಗೆಳೆಯ ಸಾಫ್ಟ್‌ಇಮೇಜ್ ಒಂದನ್ನೇ ನಂಬಿ ಕೂತಿದ್ದ. 2014ರಲ್ಲಿ ಆ ಸಾಫ್ಟ್‌ವೇರನ್ನೇ ನಿಲ್ಲಿಸುತ್ತೇವೆ ಅನ್ನೋ ಘೋಷಣೆ ಬಂತು. ಅದೇ ಹೊತ್ತಿಗೆ, ಡಿಸ್ನಿಯ ಫ್ರಾಂಕ್ ಥಾಮಸ್ ಮತ್ತು ಓಲಿ ಜಾನ್‌ಸ್ಟನ್ 1981ರ ತಮ್ಮ ಪುಸ್ತಕದಲ್ಲಿ ಬರೆದಿಟ್ಟ ಹನ್ನೆರಡು ಸೂತ್ರಗಳು ಇವತ್ತಿಗೂ ಹಾಗೇ ಇವೆ. ಜಿಗಿಯುವ ಮೊದಲು ಮೈ ಕುಗ್ಗಬೇಕು, ಭಾರದ್ದು ನಿಧಾನ ಏಳಬೇಕು, ಓಡಿ ನಿಂತವನ ಪಂಚೆ ಅವನಿಗಿಂತ ಒಂದು ಗಳಿಗೆ ತಡವಾಗಿ ನಿಲ್ಲಬೇಕು. ಕಾಗದದ ಕಾಲದ ಈ ಪಾಠ ತ್ರೀಡಿಗೂ ಅಷ್ಟೇ ಸಲ್ಲುತ್ತೆ. ನಮಗೆ ಇದಕ್ಕೆ ಸಿಕ್ಕಿದ್ದು ಒಂದೇ ಒಂದು ಮಧ್ಯಾಹ್ನ.

ಕೋರ್ಸು ಮುಗಿದಾಗ ಶೋರೀಲ್ ಮಾಡಿದೆ. ಶೋರೀಲ್ ಅಂದರೆ ನಮ್ಮ ಕೆಲಸದ ತುಣುಕುಗಳನ್ನು ಜೋಡಿಸಿದ ಚಿಕ್ಕ ವಿಡಿಯೋ. ಈ ಲೈನಿನಲ್ಲಿ ಮಾರ್ಕ್ಸ್‌ಕಾರ್ಡಿಗಿಂತ ಮೊದಲು ನೋಡೋದು ಅದನ್ನೇ. ನನ್ನದು ಮೂರು ನಿಮಿಷ. ಕಾರು, ರೋಬೋಟ್, ದೇವಸ್ಥಾನ, ನಡೆಯುವ ಮನುಷ್ಯ, ಕಡೆಗೆ ಒಂದು ಸ್ಫೋಟ ಬೇರೆ. ಇಂಟರ್‌ವ್ಯೂ ಮಾಡಿದವರು ಮೂವತ್ತು ಸೆಕೆಂಡಿಗೇ ನಿಲ್ಲಿಸಿದರು.

"ಎಲ್ಲಾ ಇದೆ. ಇದ್ರಲ್ಲಿ ನೀವು ಏನು ಮಾಡ್ತೀರಿ?"

"ಎಲ್ಲಾ ಮಾಡ್ತೀನಿ ಸಾರ್."

ಅವರು ನಕ್ಕರು. ಆ ನಗುವಿನ ಅರ್ಥ ಆಗೋಕೆ ನನಗೆ ಮೂರು ವರ್ಷ ಬೇಕಾಯ್ತು.

ಕೆಲಸ ಸಿಕ್ಕಿತು, ರೋಟೋ ವಿಭಾಗದಲ್ಲಿ. ಸಿನಿಮಾ ದೃಶ್ಯದಲ್ಲಿರುವ ನಟನ ಅಂಚಿನ ಸುತ್ತ ಗೆರೆ ಎಳೆದು ಹಿನ್ನೆಲೆಯಿಂದ ಬಿಡಿಸುವ ಕೆಲಸ. ಸಿನಿಮಾ ಅಂದರೆ ಸೆಕೆಂಡಿಗೆ 24 ಚಿತ್ರ. ಐದು ಸೆಕೆಂಡಿನ ಶಾಟ್ ಅಂದರೆ 120. ಗಾಳಿಗೆ ಹಾರುವ ಕೂದಲಿದ್ದರೆ ಮುಗೀತು ಕಥೆ! ಊರಲ್ಲಿ ಅಮ್ಮ ಎಲ್ಲರ ಹತ್ರ "ಮಗ ಇಂಗ್ಲಿಷ್ ಸಿನಿಮಾ ಮಾಡ್ತಾ ಇದ್ದ" ಅಂತ ಹೇಳಿಕೊಂಡು ಬರುತ್ತಿದ್ದಳು. ಮಗ ಮಾತ್ರ ಬೆಂಗಳೂರಲ್ಲಿ ರಾತ್ರಿ ಪಾಳಿಯಲ್ಲಿ ಕೂತು ಯಾರದೋ ಕೂದಲು ಬಿಡಿಸುತ್ತಿದ್ದ.

ಆದರೂ ಆ ಮೂರು ವರ್ಷದಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಸ್ಟುಡಿಯೋ ಅಂದರೆ ನಮ್ಮ ಯಕ್ಷಗಾನ ಮೇಳ ಇದ್ದ ಹಾಗೆ. ಭಾಗವತರು ಬೇರೆ, ಚೆಂಡೆ ಮದ್ದಳೆಯವರು ಬೇರೆ, ವೇಷಧಾರಿ ಬೇರೆ, ಚೌಕಿಯಲ್ಲಿ ವೇಷಭೂಷಣ ನೋಡಿಕೊಳ್ಳುವವರು ಬೇರೆ. ತ್ರೀಡಿಯಲ್ಲೂ ಆಕಾರ ಕೊಡುವ ಮಾಡೆಲಿಂಗ್, ಚರ್ಮ ಬಣ್ಣ ಕೊಡುವ ಟೆಕ್ಸ್ಚರಿಂಗ್, ಒಳಗೆ ಮೂಳೆ ಕೀಲು ಕೂರಿಸುವ ರಿಗ್ಗಿಂಗ್, ಜೀವ ತುಂಬುವ ಅನಿಮೇಷನ್, ಬೆಳಕು ನೋಡುವ ಲೈಟಿಂಗ್, ಎಲ್ಲವನ್ನೂ ಒಂದೇ ಚಿತ್ರವಾಗಿ ಬೆರೆಸುವ ಕಂಪೋಸಿಟಿಂಗ್. ದೊಡ್ಡ ಮೇಳದಲ್ಲಿ ‘ಎಲ್ಲಾ ಮಾಡ್ತೀನಿ’ ಅನ್ನುವವನಿಗೆ ಜಾಗ ಇಲ್ಲ. ನಿನ್ನ ವೇಷ ಯಾವುದು ಅಂತ ಕೇಳುತ್ತಾರೆ.

ನನ್ನ ವೇಷ ಯಾವುದು? ಉತ್ತರ ಸಿಕ್ಕಿದ್ದು ಊರಿನ ನೆನಪಿನಲ್ಲಿ. ಚಿಕ್ಕವನಿದ್ದಾಗ ಉಪ್ಪಿನಕುದ್ರುವಿನ ಕಾಮತ್ ಮನೆತನದವರ ಯಕ್ಷಗಾನ ಗೊಂಬೆಯಾಟ ನೋಡೋಕೆ ಹೋದರೆ, ಎಲ್ಲರೂ ಗೊಂಬೆ ನೋಡುತ್ತಿದ್ದರು. ನಾನು ಬಗ್ಗಿ ಬಗ್ಗಿ ಮೇಲಿನ ಕೈ ಕಾಣುತ್ತಾ ಅಂತ ಹುಡುಕುತ್ತಿದ್ದೆ. ಯಾವ ದಾರ ಎಳೆದರೆ ಯಾವ ಕೈ ಏಳುತ್ತೆ ಅನ್ನೋದೇ ನನಗೆ ಆಟ. ತ್ರೀಡಿಯಲ್ಲಿ ಅದೇ ಕೆಲಸಕ್ಕೆ ರಿಗ್ಗಿಂಗ್ ಅನ್ನುತ್ತಾರೆ! ಗೊತ್ತಾದ ಮೇಲೆ ಪಾಳಿ ಮುಗಿಸಿ ಬಂದು ದಿನಕ್ಕೊಂದು ಗಂಟೆ ಅದನ್ನೇ ಕೂತು ಕಲಿತೆ, ಜೊತೆಗೆ ಒಂದಿಷ್ಟು ಪೈಥಾನ್. ಒಂದೂವರೆ ವರ್ಷ ಬಿಟ್ಟು ಎರಡನೇ ಶೋರೀಲ್ ಮಾಡಿದೆ. ಐವತ್ತು ಸೆಕೆಂಡು, ಒಂದೇ ಒಂದು ಪಾತ್ರ, ಅದರ ಭುಜ ಮತ್ತು ಮುಖ ಮಾತ್ರ. ಈ ಸಲ ಪೂರ್ತಿ ನೋಡಿದರು. ಕೆಲಸ ಕೊಟ್ಟರು.

ಇಲ್ಲಿಗೆ ಸುಖಾಂತ್ಯ ಅಂತ ಮುಗಿಸಬಹುದಿತ್ತು. ಆದರೆ ಅಕ್ಕನ ಪ್ರಶ್ನೆ ಹೊಟ್ಟೆಯದ್ದು ತಾನೇ?

2013ರ ಫೆಬ್ರವರಿ ನಮ್ಮ ಲೈನಿನವರು ಯಾರೂ ಮರೆಯೋ ಹಾಗಿಲ್ಲ. ‘ಲೈಫ್ ಆಫ್ ಪೈ’ ಸಿನಿಮಾದ ಆ ಹುಲಿ ನೆನಪಿದೆಯಲ್ಲ, ಅದನ್ನು ಮಾಡಿದ ರಿದಮ್ ಆ್ಯಂಡ್ ಹ್ಯೂಸ್ ಅನ್ನೋ ಸ್ಟುಡಿಯೋ ದಿವಾಳಿ ಅರ್ಜಿ ಹಾಕಿತು. ಎರಡೇ ವಾರದೊಳಗೆ ಅದೇ ಹುಲಿಗೆ ಆಸ್ಕರ್ ಬಂತು. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನ ಸ್ಟುಡಿಯೋ ಕೂಡ ಮುಚ್ಚಿ, ಸಾವಿರಾರು ಜನರ ಕೆಲಸ ಹೋಯಿತು. ಕೆಲಸ ಬಾರದೇ ಹೋದವರಲ್ಲ ಅವರು. ನುರಿತವರು, ನನಗಿಂತ ಎಷ್ಟೋ ಚೆನ್ನಾಗಿ ಬಲ್ಲವರು.

ನನಗೂ ಒಮ್ಮೆ ಹಾಗಾಗಿತ್ತು. ಪ್ರಾಜೆಕ್ಟ್ ಮುಗಿಯಿತು, ಟೀಮಿಗೆ ಟೀಮೇ ಮನೆಗೆ. ಊರಿಗೆ ಹೇಳಲಿಲ್ಲ. ಆದರೆ ಪ್ರತಿ ತಿಂಗಳು ಕಳಿಸುತ್ತಿದ್ದ ದುಡ್ಡು ನಿಂತಿತ್ತಲ್ಲ! ಲೆಕ್ಕದ ಮನುಷ್ಯನಿಗೆ ಅಷ್ಟು ಸಾಕು. ಒಂದು ಬೆಳಿಗ್ಗೆ ಅಪ್ಪ ರಾತ್ರಿ ಬಸ್ಸಿಗೆ ಬಂದು ಬಾಗಿಲಲ್ಲಿ ನಿಂತಿದ್ದರು. ಏನೂ ಕೇಳಲಿಲ್ಲ. ಕಾಫಿ ಕುಡಿದು, ಚೀಲದಿಂದ ಒಂದು ಪಾಸ್‌ಬುಕ್ ತೆಗೆದು ಕೊಟ್ಟರು. ನನ್ನ ಹೆಸರಿನ ಪಿಗ್ಮಿ ಖಾತೆ. ನಾನು ಕಳಿಸಿದ ದುಡ್ಡಿನಲ್ಲಿ ದಿನಕ್ಕೆ ಇಷ್ಟು ಅಂತ ತಾವೇ ಕಟ್ಟಿ, ತಾವೇ ರಸೀದಿ ಬರೆದುಕೊಂಡಿದ್ದರು. ಬೇರೆ ಕೆಲಸ ಸಿಗುವ ತನಕ, ನಾಲ್ಕು ತಿಂಗಳು, ಅದೇ ನನ್ನನ್ನು ಸಾಕಿತು. ಬಸ್ಸು ಹತ್ತುವಾಗ ಒಂದೇ ಮಾತು ಹೇಳಿದರು. "ದೊಡ್ಡ ಮೊತ್ತ ಕಟ್ಟುತ್ತೇನೆ ಅಂದವರು ಎರಡು ತಿಂಗಳಿಗೆ ಬಿಟ್ಟದ್ದು ನೋಡಿದ್ದೇನೆ. ಹತ್ತು ರೂಪಾಯಿಯವರು ಬಿಟ್ಟದ್ದು ಕಡಿಮೆ."

ಇದೆಲ್ಲ ನೆನಪಾಗಿ, ಜಗಲಿಯಲ್ಲಿ ಕೂತು ಭಾವನ ಕರಪತ್ರ ತಿರುಗಿಸಿ ಅದರ ಹಿಂದೆ ಬರೆಯೋಕೆ ಶುರು ಮಾಡಿದೆ. ಇಸವಿ ಹಾಕಲಿಲ್ಲ.

ಒಂದು, ಈಗಲೇ ಸಾಲ ಬೇಡ. ನೀನು ಬಳಸುತ್ತಿರುವ ಬ್ಲೆಂಡರ್ ಪುಕ್ಕಟೆ, 2002ರಿಂದ ಮುಕ್ತ ತಂತ್ರಾಂಶ. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ ಬೆಕ್ಕಿನ ಸಿನಿಮಾ ‘ಫ್ಲೋ’ ಅದರಲ್ಲೇ ಮಾಡಿದ್ದು. ಕೊರತೆ ಸಾಫ್ಟ್‌ವೇರಿನದ್ದಲ್ಲ.

ಎರಡು, ಡಿಗ್ರಿ ಇರಲಿ. ಈ ಲೈನು ಕೈಕೊಟ್ಟರೆ ಇನ್ನೊಂದು ಬಾಗಿಲು ಬೇಕಲ್ಲ. ಐಐಟಿಗಳ ವಿನ್ಯಾಸ ಪದವಿಗೆ ಯುಸೀಡ್ ಅಂತ ಪರೀಕ್ಷೆ ಇದೆ, ಅಹಮದಾಬಾದಿನ ಎನ್‌ಐಡಿಗೆ ಅದರದ್ದೇ ಪರೀಕ್ಷೆ ಇದೆ. ಪಿಯುಸಿ ಮುಗಿಯುವ ಮೊದಲೇ ಅರ್ಜಿ ಹಾಕಬೇಕು ಅನ್ನೋದು ನಮ್ಮೂರ ಕಡೆ ಎಷ್ಟೋ ಮಕ್ಕಳಿಗೆ ಗೊತ್ತೇ ಇರೋದಿಲ್ಲ. ಸಿಗದಿದ್ದರೆ ಬಿಎಫ್‌ಎ, ಅದೂ ಇಲ್ಲದಿದ್ದರೆ ಯಾವ ಡಿಗ್ರಿಯಾದರೂ ಸರಿ.

ಮೂರು, ಮೊದಲ ವರ್ಷ ಎಲ್ಲಾ ವೇಷ ಕಟ್ಟಿ ನೋಡು. ಆಮೇಲೆ ಯಾವುದನ್ನು ಮಾಡುವಾಗ ಊಟದ ಹೊತ್ತು ಮರೆಯುತ್ತೋ ಅದೊಂದನ್ನು ಹಿಡಿ.

ನಾಲ್ಕು, ಸಂಬಳ ಬಂದ ದಿನದಿಂದ ಆರು ತಿಂಗಳ ಖರ್ಚು ಬದಿಗಿಡುತ್ತಾ ಹೋಗು.

ಐದನೆಯದು ಬರೆಯುವಾಗ ಪೆನ್ನು ನಿಂತಿತು. ನಾನು ಹತ್ತಿದ ಮೊದಲ ಮೆಟ್ಟಿಲು ರೋಟೋ. ಆ ಕೂದಲು ಬಿಡಿಸುವ ಕೆಲಸದ ಮೊದಲ ಸುತ್ತನ್ನು ಈಗ ಕೃತಕ ಬುದ್ಧಿಮತ್ತೆಯ ಉಪಕರಣಗಳೇ ಎಷ್ಟೋ ಸಲ ಮಾಡಿಬಿಡುತ್ತವೆ, ತಿದ್ದೋಕೆ ಮಾತ್ರ ಮನುಷ್ಯ ಬೇಕು. ಅಂದರೆ ಹೊಸಬನಾಗಿ ಒಳಗೆ ಸೇರಿ, ಸಂಬಳ ತಗೊಂಡು, ಪಕ್ಕದವರನ್ನು ನೋಡಿ ಕಲಿಯೋ ನನ್ನ ಅದೃಷ್ಟ ಇವನಿಗೆ ಇರುತ್ತೋ ಇಲ್ಲವೋ. ಇದನ್ನು ಮುಚ್ಚಿಟ್ಟು ‘ಕಲಿ ಮಾಣಿ’ ಅಂದರೆ ಆ ಕರಪತ್ರಕ್ಕೂ ನನಗೂ ಏನು ವ್ಯತ್ಯಾಸ? ಹಾಗಾಗಿ ಅವನಿಗೆ ಇದ್ದದ್ದು ಇದ್ದ ಹಾಗೇ ಹೇಳಿದೆ. ಮೊದಲ ಮೆಟ್ಟಿಲು ಸವೆದಿದೆ, ನೀನು ಎರಡನೇ ಮೆಟ್ಟಿಲಿಗೇ ಜಿಗಿಯಬೇಕಾಗಬಹುದು, ಅಷ್ಟು ತಯಾರಿ ಮಾಡಿಕೊಂಡೇ ಬಾ.

ಮಾಣಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಜಿಗಿಯೋ ಮೊದಲು ಮೈ ಕುಗ್ಗಬೇಕು ಅಲ್ದಾ ಮಾವ" ಅಂದ. ವಿಡಿಯೋದಲ್ಲೇ ಕಲಿತಿರಬೇಕು. ನನಗೆ ನಗು ತಡೆಯಲಾಗಲಿಲ್ಲ.

ಕಡೆಗೆ ತೀರ್ಮಾನ ಆದದ್ದಿಷ್ಟು. ಪರೀಕ್ಷೆ ಮುಗಿಯುವ ತನಕ ದಿನಕ್ಕೆ ಅರ್ಧ ಗಂಟೆ ಮಾತ್ರ ತ್ರೀಡಿ. ಕಬ್ಬಿಣದ ಚೆಂಡು, ಟೆನಿಸ್ ಚೆಂಡು, ನೀರು ತುಂಬಿದ ಕೊಡ ಎತ್ತುವ ಹೆಂಗಸು, ಹೀಗೆ ಭಾರ ಕಾಣುವ ಚಿಕ್ಕ ಚಿಕ್ಕ ತುಣುಕು. ವಾರಕ್ಕೊಂದು ನನಗೆ ಕಳಿಸಬೇಕು. ಬೇಸಿಗೆ ರಜೆ ಹೊತ್ತಿಗೆ ಅವನು ಬಿಡದೇ ಕಟ್ಟಿದ್ದರೆ ಮುಂದಿನ ಮಾತು. ಭಾವನಿಗೆ ಇದು ಪೂರ್ತಿ ಒಪ್ಪಿಗೆಯಿಲ್ಲ, ಸೀಟು ಹೋದರೆ ಅನ್ನೋ ಹೆದರಿಕೆ. ಅಕ್ಕನ ಪ್ರಶ್ನೆಗೆ "ತುಂಬತ್ತೆ, ಆದ್ರೆ ದಿನಾ ತುಂಬತ್ತೆ ಅಂತ ಹೇಳೂಕಾಗುದಿಲ್ಲ" ಅಂದೆ. ಅವಳು ಏನೂ ಹೇಳದೇ ಒಳಗೆ ಹೋದಳು.

ಹೊರಡುವಾಗ ಅಪ್ಪ ಅಲಮಾರಿನಿಂದ ಒಂದು ಹಳೇ ಪಿಗ್ಮಿ ಪುಸ್ತಕ ತೆಗೆದು ಮೊಮ್ಮಗನ ಕೈಗಿಟ್ಟರು. ಖಾಲಿ ಕಾಲಂಗಳಿದ್ದವು. ದಿನಾಂಕ ಹಾಕು, ಅರ್ಧ ಗಂಟೆ ಮಾಡಿದ ದಿನ ಒಂದು ಗೀಟು ಎಳಿ ಅಂದರು.

ಇದನ್ನು ಬರೆಯುವ ಹೊತ್ತಿಗೆ ಮೂರು ತುಣುಕು ಬಂದಿವೆ. ಕಬ್ಬಿಣದ ಚೆಂಡು ಇನ್ನೂ ಬಲೂನಿನ ಹಾಗೆ ಹಾರುತ್ತಿದೆ :) ಆದರೆ ವಾರ ತಪ್ಪಿಲ್ಲ.

ನಾನು ಹೇಳಿದ್ದು ಸರಿಯಾ, ಜಾಸ್ತಿ ಹೆದರಿಸಿಬಿಟ್ಟೆನಾ ಅಂತ ಈಗಲೂ ಗೊತ್ತಿಲ್ಲ. ನಿಮ್ಮ ಮನೆಯ ಮಾಣಿಯೋ ಕೂಸೋ ಹೀಗೇ ಬಂದು ಕೇಳಿದ್ದರೆ, ನೀವೇನು ಹೇಳುತ್ತಿದ್ದಿರಿ?